ಪುಡಿಯೊಳಗಿನ ಜೀವಾಣು ಮನೆಯಲ್ಲಿ ಎಷ್ಟು ದಿನ ಬದುಕುತ್ತದೆ?

ಕೂಸು ಹುಟ್ಟಿದ ಕೂಡಲೇ ಎಡತೋಳಿಗೆ ಹಾಕಿಸುವ ಬಿಸಿಜಿ ಲಸಿಕೆ, ಬೇಧಿಯಾದಾಗ ಮೆಡಿಕಲ್ ಸ್ಟೋರಿನಿಂದ ತರುವ ಪ್ರೋಬಯಾಟಿಕ್ ಸ್ಯಾಶೆ. ಎರಡೂ ಒಣ ಪುಡಿಗಳು, ಆದರೆ ಒಳಗಿರುವುದು ಜೀವಂತ ಬ್ಯಾಕ್ಟೀರಿಯಾ. ಅವು ಸತ್ತರೂ ಪುಡಿಯ ಬಣ್ಣ, ವಾಸನೆ ಬದಲಾಗುವುದಿಲ್ಲ. ಆದ್ದರಿಂದ ಇಡುವ ಕ್ರಮವನ್ನು ಮೊದಲೇ ತಿಳಿದಿರಬೇಕು.

ಈ ಪುಡಿಯನ್ನು ಬಿಸಿಲಿಗೆ ಹರವಿ ಒಣಗಿಸುವುದಿಲ್ಲ. ಮೊದಲು ಹೆಪ್ಪುಗಟ್ಟಿಸಿ, ಆಮೇಲೆ ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮಂಜು ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ನಮ್ಮ ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರ ಆಹಾರಕ್ಕೂ ಇದೇ ವಿಧಾನ ಬಳಸಿದೆ. ಜೀವಾಣುಗಳಿಗೆ ಪೆಟ್ಟು ಬೀಳದಿರಲೆಂದು ಸಕ್ಕರೆಯನ್ನೋ ಕೆನೆ ತೆಗೆದ ಹಾಲನ್ನೋ ಸೇರಿಸಿರುತ್ತಾರೆ. ಒಣಗಿದಾಗ ಆ ಸಕ್ಕರೆ ಗಾಜಿನಂತೆ ಗಟ್ಟಿಯಾಗಿ ಜೀವಾಣುವನ್ನು ಅಲುಗಾಡದಂತೆ ಹಿಡಿದಿಡುತ್ತದೆ.

ಮಳೆಗಾಲದಲ್ಲಿ ಪೆಪ್ಪರ್‌ಮಿಂಟಿನ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಏನಾಗುತ್ತದೆ? ಮಿಠಾಯಿ ಅಂಟಂಟಾಗುತ್ತದೆ. ಪುಡಿಗೆ ತೇವ ತಾಕಿದರೂ ಹಾಗೆಯೇ. ಸಕ್ಕರೆಯ ಗಾಜು ಮೆತ್ತಗಾಗುತ್ತದೆ, ಜೀವಾಣುವಿನ ಒಳಗೆ ಹಾನಿ ಶುರುವಾಗುತ್ತದೆ. ಬದುಕುವಷ್ಟು ನೀರಿಲ್ಲ, ನಿದ್ರಿಸುವಷ್ಟು ಒಣಗಿಲ್ಲ. ಗಾಳಿಯ ಆಮ್ಲಜನಕ ಅದರ ಪೊರೆಯ ಕೊಬ್ಬನ್ನು ಕೆಡಿಸುತ್ತದೆ, ಬಿಸಿ ಇದನ್ನೆಲ್ಲ ಬೇಗ ನಡೆಸುತ್ತದೆ. ಸಾವಿನ ಲೆಕ್ಕವೂ ವಿಚಿತ್ರ. ನೂರು ಕೋಟಿ ಜೀವಾಣುಗಳು ತಿಂಗಳಿಗೆ ಅರ್ಧದಂತೆ ಸಾಯುತ್ತಿವೆ ಎಂದಿಟ್ಟುಕೊಳ್ಳಿ. ಹತ್ತು ತಿಂಗಳಿಗೆ ಉಳಿಯುವುದು ಸುಮಾರು ಹತ್ತು ಲಕ್ಷ, ಅಂದರೆ ಸಾವಿರಕ್ಕೆ ಒಂದು.

ಹೆಬ್ಬಾಳದ ನನ್ನ ದವಾಖಾನೆಗೆ ಬರುವವರಲ್ಲಿ ಕೆಲವರು, ಕ್ಯಾಪ್ಸೂಲಿನ ಜೆಲಟಿನ್ ಯಾವ ಪ್ರಾಣಿಯದೋ ಎಂಬ ಅನುಮಾನದಿಂದ ಇಡೀ ಸ್ಟ್ರಿಪ್ಪನ್ನೇ ಒಡೆದು ಪುಡಿಯನ್ನು ಶೀಶೆಯಲ್ಲಿ ತುಂಬಿಡುತ್ತಾರೆ. ಅನುಮಾನ ಸರಿಯೇ, ಉಪಾಯ ಸರಿಯಲ್ಲ. ತೇವ, ಗಾಳಿ ಎರಡನ್ನೂ ಒಳಗೆ ಕರೆದಂತಾಯಿತು. ಸ್ಯಾಶೆ ಇಲ್ಲವೇ ಸಸ್ಯಮೂಲದ ಕ್ಯಾಪ್ಸೂಲ್ ಕೇಳಿ ತನ್ನಿ. ಒಲೆಯ ಮೇಲಿನ ಶೆಲ್ಫಿನಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ಪೊಟ್ಟಣದ ಮೇಲೆ 25 ಡಿಗ್ರಿಗಿಂತ ಕಡಿಮೆ ಎಂದು ಬರೆದಿದ್ದರೆ, ನಮ್ಮ ಏಪ್ರಿಲ್ ತಿಂಗಳಿಗೆ ಫ್ರಿಜ್ಜೇ ವಾಸಿ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಆಮೇಲೆ ತೆರೆಯಿರಿ. ಇಲ್ಲದಿದ್ದರೆ ತಣ್ಣಗಿನ ಪುಡಿಯ ಮೇಲೆ ಗಾಳಿಯ ತೇವ ಕೂರುತ್ತದೆ. ಬಿಸಿ ಹಾಲಿಗೋ ಚಹಾಕ್ಕೋ ಬೆರೆಸಿದರೆ ಕೊಟ್ಟ ಹಣ ದಂಡ. ಬ್ಯಾಸಿಲಸ್ ಜಾತಿಯವು ಮಾತ್ರ ಬೀಜದಂತಹ ಗಟ್ಟಿ ಕವಚದೊಳಗಿರುವುದರಿಂದ ಬಿಸಿಯನ್ನು ಹೆಚ್ಚು ತಾಳುತ್ತವೆ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಇವನ್ನು ವೈದ್ಯರನ್ನು ಕೇಳದೆ ಕೊಡಬಾರದು. ಉಳಿದವರಿಗೆ ದಿನನಿತ್ಯಕ್ಕೆ ಮನೆಯ ತಾಜಾ ಮೊಸರೇ ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಬಿಸಿಜಿ. ಯುನಾನಿ ಹಕೀಮರು ಲಸಿಕೆಯ ಬಗ್ಗೆ ಬರೆಯುವುದೇ ಎಂದು ಕೆಲವರು ಕೇಳಬಹುದು. ಕ್ಷಯ ಮೆದುಳಿನ ಪೊರೆಗೆ ಏರಿದ ಕೂಸಿಗೆ ಕೊಡಲು ನನ್ನ ಬಳಿ ಯಾವ ಮಾಜೂನೂ ಇಲ್ಲ. ಅದು ಬಾರದಂತೆ ತಡೆಯಲು ಈ ಲಸಿಕೆ ಇದೆ. 1921ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಕೊಟ್ಟಾಗ ಅದು ದ್ರವರೂಪದಲ್ಲಿತ್ತು, ಹೆಚ್ಚು ದಿನ ಬಾಳುತ್ತಿರಲಿಲ್ಲ. ಒಣಗಿಸಲು ಕಲಿತ ಮೇಲೆ ದೂರದ ಹಳ್ಳಿಗಳಿಗೂ ತಲುಪಿತು.

ಒಣ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ, ಬೆಳಕು ತಾಕದಂತೆ ಇಡುತ್ತಾರೆ. ಜೊತೆಗೆ ಬಂದ ಉಪ್ಪುನೀರಿನ ದ್ರಾವಣ ಬೆರೆಸಿದ ಗಳಿಗೆಯಿಂದ ಅದರ ರಕ್ಷೆ ಹೋಯಿತು. ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದು ಶೀಶೆಯಲ್ಲಿ ಹಲವು ಮಕ್ಕಳಿಗಾಗುವಷ್ಟಿರುತ್ತದೆ. “ಇವತ್ತು ಬೇಡಮ್ಮ, ಇಂಥ ದಿನ ಬನ್ನಿ” ಎಂದು ಆರೋಗ್ಯ ಕೇಂದ್ರದ ಸಿಸ್ಟರ್ ಹೇಳುವುದು ಸಾಮಾನ್ಯವಾಗಿ ಇದಕ್ಕೇ. ಬೇಸರ ಮಾಡಿಕೊಳ್ಳದೆ ಆ ದಿನ ಹೋಗಿ, ಆದರೆ ತಪ್ಪಿಸಬೇಡಿ. ಹುಟ್ಟಿದಾಗ ತಪ್ಪಿದ್ದರೆ ಒಂದು ವರ್ಷದೊಳಗೆ ಹಾಕಿಸಬಹುದು.

ತೆರೆಯುವ ಮುನ್ನ ಶೀಶೆಯನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಅದರ ಮೇಲೆ ವೃತ್ತದೊಳಗೆ ಪುಟ್ಟ ಚೌಕದ ಗುರುತಿರುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ವೃತ್ತದಷ್ಟೇ ಕಪ್ಪಾಗಿದ್ದರೆ ಲಸಿಕೆಗೆ ಬಿಸಿ ತಗುಲಿದೆ, ಬೇಡವೆನ್ನಿ. ತೋಳಿನಲ್ಲಿ ಕಲೆ ಮೂಡಲಿಲ್ಲವೆಂದು ಮಾತ್ರ ಎರಡನೇ ಸಲ ಹಾಕಿಸಬೇಕಾಗಿಲ್ಲ.