ನಾಲ್ಕು ಊರು, ನಾಲ್ಕು ಫೋನು, ನಾಲ್ಕು ತಂತಿ

ಹೊಳಲ್ಕೆರೆಯ ನಮ್ಮ ಅಡಿಕೆ ಮಂಡಿಯಲ್ಲಿ ಬಹುಕಾಲದಿಂದ ಲೆಕ್ಕ ಬರೆಯುತ್ತಿರುವ ಹಿರಿಯ ಗುಮಾಸ್ತರು, ಬೆಳಗಿನ ಹತ್ತು ಗಂಟೆಯಿಂದ ಮಧ್ಯಾಹ್ನದ ಎರಡರವರೆಗೆ ಫೋನಿನ ರಿಸೀವರನ್ನು ಎಡಭುಜಕ್ಕೂ ಕೆನ್ನೆಗೂ ನಡುವೆ ಅದುಮಿ ಹಿಡಿದುಕೊಂಡು, ಭೀಮಸಮುದ್ರದಿಂದಲೂ ಶಿವಮೊಗ್ಗದಿಂದಲೂ ಬರುವ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳ ಧಾರಣೆಯನ್ನು ಬಲಗೈಯಿಂದ ಪುಸ್ತಕಕ್ಕೆ ಇಳಿಸುತ್ತಿದ್ದ ದೃಶ್ಯವನ್ನು ನಾನು ವರ್ಷಾಂತರಗಳಿಂದ ಕಾಣುತ್ತ ಬಂದವನಾದರೂ, ಆ ಭಂಗಿಯಲ್ಲಿ ಒಬ್ಬ ಮನುಷ್ಯನ ಶರೀರಕ್ಕೆ ಒದಗುವ ಕ್ಲೇಶವನ್ನು ಕುರಿತು ಒಮ್ಮೆಯೂ ಯೋಚಿಸಿರಲಿಲ್ಲ. ಕತ್ತು ತಿರುಗಿಸಲಾಗದೆ ಅವರು ಒಂದು ವಾರ ಮನೆಯಲ್ಲಿ ಮಲಗಿದರು. ಅದಕ್ಕೆ ಹಿಂದಿನ ವಾರವಷ್ಟೆ, ಜಾರುತ್ತಿದ್ದ ರಿಸೀವರಿನಲ್ಲಿ ‘ಇನ್ನೂರು’ ಎಂದದ್ದು ‘ಮುನ್ನೂರು’ ಎಂದು ಕೇಳಿಸಿ, ಮೂವತ್ತು ಕ್ವಿಂಟಲ್ ಸರಕಿಗೆ ಕ್ವಿಂಟಲೊಂದಕ್ಕೆ ನೂರು ರೂಪಾಯಿ ಹೆಚ್ಚಾಗಿ ಬರೆದು ಮೂರು ಸಾವಿರ ರೂಪಾಯಿ ನಷ್ಟವಾಗಿತ್ತು. ವ್ಯಾಪಾರದಲ್ಲಿ ಮೂರು ಸಾವಿರ ದೊಡ್ಡ ಮೊತ್ತವಲ್ಲ. ನಮ್ಮ ಸಲುವಾಗಿ ದುಡಿಯುವವರ ಕತ್ತಿನ ನೋವು ಮಾತ್ರ ನನ್ನ ಲೆಕ್ಕಕ್ಕೆ ಬಾರದೆ ಉಳಿದಿತ್ತೆಂಬುದು ನನ್ನನ್ನು ಬಹಳವಾಗಿ ಬಾಧಿಸಿತು.

ಆದುದರಿಂದ ಚಿತ್ರದುರ್ಗದ ಮುಖ್ಯ ಕಛೇರಿಗೂ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶಾಖೆಗಳಿಗೂ ಒಂದೊಂದು ಹೆಡ್‌ಸೆಟ್ ತರಿಸತಕ್ಕದ್ದೆಂದು ಅಂದೇ ನಿಶ್ಚಯಿಸಿದೆ. ನಾಲ್ಕನ್ನೂ ಒಂದೇ ಜಾತಿಯವಾಗಿ ಕೊಂಡರೆ ದರದಲ್ಲಿ ಸ್ವಲ್ಪ ಇಳಿಸುತ್ತಾರೆಂಬ ಲೋಭವೂ ಜೊತೆಗೂಡಿತು. ಒಂದಕ್ಕೆ 1,450 ರೂಪಾಯಿಯಂತೆ 5,800. ಅದರ ಮೇಲೆ ಶೇಕಡ 18ರ ಜಿ.ಎಸ್.ಟಿ. 1,044, ಒಟ್ಟು 6,844 ರೂಪಾಯಿಗಳನ್ನು ಮುಂಗಡವಾಗಿಯೇ ಪಾವತಿ ಮಾಡಿದೆ. ಫೋನು ಯಾವುದೆಂದು ಮಾರುವವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಿತ್ರದುರ್ಗದ ಮೇಜಿನ ಮೇಲಿದ್ದುದು ಇಂಟರ್‌ನೆಟ್ ತಂತಿಯಿಂದ ನಡೆಯುವ ಐ.ಪಿ. ಫೋನು, ಅದರ ಬೆನ್ನಿನಲ್ಲಿ ಹೆಡ್‌ಸೆಟ್ಟಿನ ಗುರುತಿದ್ದ ಪ್ರತ್ಯೇಕ ರಂಧ್ರವೊಂದಿತ್ತು, ಪಿನ್ನು ಹಾಕಿದೊಡನೆಯೇ ಎರಡು ಕಡೆಯ ಧ್ವನಿಯೂ ಸ್ಪಷ್ಟವಾಯಿತು. ಆ ಸಂತೋಷದಲ್ಲಿ ಉಳಿದ ಮೂರನ್ನೂ ಬಸ್ಸಿನಲ್ಲಿ ಕಳುಹಿಸಿದೆ. ಹಿರಿಯೂರಿನಲ್ಲಿಯೂ ಐ.ಪಿ. ಫೋನೇ, ಆದರೆ ಬೇರೆ ತಯಾರಕರದು: ಅಲ್ಲಿ ಎದುರಿನವರ ಮಾತು ಕೇಳಿಸಿತು, ನಮ್ಮವರ ಮಾತು ಹೋಗಲಿಲ್ಲ. ಹೊಸದುರ್ಗದಲ್ಲಿದ್ದುದು ತಂತಿಯಿಲ್ಲದ ಕಾರ್ಡ್‌ಲೆಸ್ ಫೋನು. ಅದರ ಪಕ್ಕದಲ್ಲಿದ್ದ 2.5 ಮಿಲಿಮೀಟರಿನ ದುಂಡು ತೂತಿಗೆ ನಮ್ಮ ಚೌಕದ ಪಿನ್ನು ಸೇರುವ ಮಾತೇ ಇರಲಿಲ್ಲ. ಹೊಳಲ್ಕೆರೆಯ ಸಾಮಾನ್ಯ ಲ್ಯಾಂಡ್‌ಲೈನ್ ಫೋನಿಗೆ ಹೆಡ್‌ಸೆಟ್ಟಿನ ಜಾಗವೇ ಇಲ್ಲ. ರಿಸೀವರಿನ ತಂತಿಯನ್ನು ಕಿತ್ತು ಅಲ್ಲಿಗೇ ಇದನ್ನು ಸಿಕ್ಕಿಸಿದಾಗ ಗುಂಯ್ ಎಂಬ ಸದ್ದಿನ ವಿನಾ ಮತ್ತೇನೂ ಕೇಳಿಸದೆ, ಯಾರ ನಿಮಿತ್ತ ಈ ಸಾಹಸಕ್ಕೆ ತೊಡಗಿದೆನೋ ಆ ವೃದ್ಧರು ಮರಳಿ ಭುಜವನ್ನೇ ಮೇಲೆತ್ತಬೇಕಾಯಿತು.

ಪೆಟ್ಟಿಗೆ ಒಡೆದ ವಸ್ತುವನ್ನು ಹಿಂದಕ್ಕೆ ಪಡೆಯಲಾಗದೆಂದು ಮಾರಿದವರು ತಿಳಿಸಿದರು. ಗ್ರಾಹಕರ ಆಯೋಗಕ್ಕೆ ದೂರು ಕೊಡೋಣವೇ ಎಂದು ಪರಿಚಿತ ವಕೀಲರನ್ನು ಕೇಳಿದಾಗ ಅವರು ಹೇಳಿದ ಸಂಗತಿ, ಅಂಗಡಿ ಕಛೇರಿಗಳನ್ನು ನಡೆಸುವ ಎಲ್ಲರೂ ಅರಿತಿರಬೇಕಾದದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯೋದ್ದೇಶಕ್ಕಾಗಿ ವಸ್ತುವನ್ನು ಕೊಂಡವನನ್ನು ‘ಗ್ರಾಹಕ’ನೆಂಬ ನಿರ್ವಚನದಿಂದ ಹೊರಗಿರಿಸಿದೆ, ಸ್ವಂತ ಉದ್ಯೋಗದಿಂದ ಜೀವನೋಪಾಯವನ್ನು ಸಾಗಿಸುವವನು ಕೇವಲ ಅದಕ್ಕಾಗಿಯೇ ಕೊಂಡದ್ದಾದರೆ ಮಾತ್ರ ಅವನಿಗೆ ಆ ರಕ್ಷಣೆ ಉಂಟು. ನಾಲ್ಕು ಊರುಗಳಲ್ಲಿ ಶಾಖೆಯಿಟ್ಟುಕೊಂಡವರು ಆ ಬಾಗಿಲನ್ನು ನೆಚ್ಚಿಕೊಂಡು ಖರೀದಿಗೆ ಹೊರಡುವಂತಿಲ್ಲ. ಮನೆಗೆ ಕೊಳ್ಳುವಾಗ ಇರುವ ಧೈರ್ಯ ಕಛೇರಿಗೆ ಕೊಳ್ಳುವಾಗ ಇರಲಾಗದೆಂಬುದನ್ನು ನಾನು ಅಂದು ಕಲಿತೆ.

ಚಿತ್ರದುರ್ಗದಲ್ಲಿ ಫೋನು ರಿಪೇರಿ ಮಾಡುವ ಹಿರಿಯರೊಬ್ಬರ ಮುಂದೆ ಮೂರು ಹೆಡ್‌ಸೆಟ್ಟುಗಳನ್ನೂ ಇರಿಸಿದಾಗ ಅವರು ಮೊದಲು ಕೇಳಿದ ಪ್ರಶ್ನೆ: “ಸ್ವಾಮಿ, ಇದನ್ನ ಕೊಳ್ಳೋಕೆ ಮುಂಚೆ ಫೋನು ಮಗುಚಿ ನೋಡಿದ್ರಾ?” ನೋಡಿರಲಿಲ್ಲ. ಬಳಿಕ ಅವರು ಪಿನ್ನನ್ನು ಬೆಳಕಿಗೆ ಹಿಡಿದು ತೋರಿಸಿದರು. ಗೋಡೆಯಿಂದ ಬರುವ ಲೈನಿನ ಪಿನ್ನಿಗಿಂತ ಕಿರಿದಾದ ಈ ಪಿನ್ನಿಗೆ ಆರ್‌ಜೆ-9 ಎಂದು ಹೆಸರು. ಅದರಲ್ಲಿ ನಾಲ್ಕು ತಂತಿಗಳು. ಎರಡು ಕಿವಿಗೆ, ಎರಡು ಬಾಯಿಗೆ. ಪಿನ್ನಿನ ಆಕಾರ ಎಲ್ಲೆಡೆಯೂ ಒಂದೇ, ಆದರೆ ನಾಲ್ಕರಲ್ಲಿ ಯಾವ ಎರಡು ಕಿವಿಗೆ, ಯಾವ ಎರಡು ಬಾಯಿಗೆ ಎಂಬ ಕ್ರಮವನ್ನು ಒಬ್ಬೊಬ್ಬ ತಯಾರಕರು ಒಂದೊಂದು ಬಗೆಯಾಗಿ ಇಟ್ಟಿದ್ದಾರೆ. ಅದೂ ಸಾಲದೆಂಬಂತೆ, ಮೈಕಿನ ಜಾತಿಯಲ್ಲಿಯೂ ಭೇದವುಂಟು: ಈಗಿನ ಎಲೆಕ್ಟ್ರೆಟ್ ಮೈಕಿಗೆ ಫೋನಿನಿಂದ ಅಲ್ಪಪ್ರಮಾಣದ ವಿದ್ಯುತ್ತು ಒದಗಬೇಕು, ಆ ಪ್ರಮಾಣ ಹೆಚ್ಚುಕಡಿಮೆಯಾದರೆ ಸದ್ದು ಸೊರಗುತ್ತದೆ ಅಥವಾ ಗುಂಯ್‌ಗುಡುತ್ತದೆ. ಪಿನ್ನು ತೂತಿನಲ್ಲಿ ಕೂತುಕೊಂಡ ಮಾತ್ರಕ್ಕೆ ಹೊಂದಿತೆಂದು ಭಾವಿಸುವುದೇ ಸಮಸ್ತ ನಷ್ಟಕ್ಕೂ ಮೂಲ.

ಹಿಂದೆ ಈ ತೊಡಕು ಏಕಿರಲಿಲ್ಲವೆಂದು ನನ್ನ ಮನಸ್ಸು ಪ್ರಶ್ನಿಸಿತು. ನನ್ನ ಬಾಲ್ಯದಲ್ಲಿ ಫೋನು ಚಂದಾದಾರನ ಸ್ವತ್ತಾಗಿರಲಿಲ್ಲ, ದೂರವಾಣಿ ಇಲಾಖೆಯ ಸ್ವತ್ತಾಗಿತ್ತು; 1948ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಒಂದು ಪ್ರದೇಶಕ್ಕೆ ದೂರವಾಣಿನಗರವೆಂಬ ಸುಂದರವಾದ ಹೆಸರನ್ನೇ ತಂದುಕೊಟ್ಟ ಐ.ಟಿ.ಐ. ಎಂಬ ದೂರವಾಣಿ ಕಾರ್ಖಾನೆಯಿಂದ ಹೊರಟ, ಬೆರಳಿಟ್ಟು ತಿರುಗಿಸುವ ಆ ಭಾರವಾದ ಕಪ್ಪು ಯಂತ್ರದ ರಿಸೀವರಿನಲ್ಲಿ ಇಂಗಾಲದ ಪುಡಿ ತುಂಬಿದ ಮೈಕು ಇರುತ್ತಿತ್ತು, ಅದರ ತಂತಿಯನ್ನು ಒಳಗೆ ತಿರುಪಿನಿಂದ ಬಿಗಿದಿರುತ್ತಿದ್ದರು. ಅದಕ್ಕೆ ಏನನ್ನೂ ಸೇರಿಸುವ ಅವಕಾಶ ಚಂದಾದಾರನಿಗಿರಲಿಲ್ಲ. 1984ರಲ್ಲಿ ಫೋನುಗಳ ತಯಾರಿಕೆಯನ್ನು ಖಾಸಗಿಯವರಿಗೂ ತೆರೆದ ಮೇಲೆ ಬಗೆಬಗೆಯ ಯಂತ್ರಗಳು ಮೇಜಿಗೆ ಬಂದವು, ಬೆಲೆ ಇಳಿಯಿತು, ಆಯ್ಕೆ ಹೆಚ್ಚಿತು. ಅದು ಒಳ್ಳೆಯದೇ ಆಯಿತೆಂದು ನಾನು ನಂಬುತ್ತೇನೆ; ಆದರೆ ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡುವ ಹೊಣೆ ಇಲಾಖೆಯಿಂದ ನಮ್ಮ ಹೆಗಲಿಗೆ ವರ್ಗವಾಯಿತು.

ಎರಡನೆಯ ಖರೀದಿಗೆ ನಾನು ಒಂದು ತಿಂಗಳನ್ನು ತೆಗೆದುಕೊಂಡೆ. ಮೂರು ಶಾಖೆಗಳಿಗೂ ಸ್ವತಃ ಹೋಗಿ ಬಂದೆ. ಹಿರಿಯೂರಿನ ಕಛೇರಿಯು ಹೆದ್ದಾರಿಯ ಬದಿಯಲ್ಲಿರುವುದರಿಂದ ಲಾರಿಗಳ ಸದ್ದು ಹಗಲಿರುಳು ಬಿಡುವುದಿಲ್ಲ. ಅಲ್ಲಿಗೆ ಎರಡು ಕಿವಿಗಳನ್ನೂ ಮುಚ್ಚುವ, ಸುತ್ತಲ ಗದ್ದಲವನ್ನು ಹಿಡಿಯದ ಮೈಕಿರುವ ಹೆಡ್‌ಸೆಟ್ ಬೇಕಾಯಿತು. ಗದ್ದಲ ತಡೆಯುವ ಮೈಕು ಉಪಕರಿಸುವುದು ಎದುರಿನವರ ಕಿವಿಗೇ ಹೊರತು ಧರಿಸಿದವರ ಕಿವಿಗಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅನೇಕರು ಈ ಒಂದು ಮಾತನ್ನು ತಪ್ಪಾಗಿ ತಿಳಿದು ಹಣ ತೆರುತ್ತಾರೆ. ಇನ್ನು ತಂತಿಯ ವಿಚಾರ. ನಮ್ಮ ಮೊದಲ ಹೆಡ್‌ಸೆಟ್ಟುಗಳಲ್ಲಿ ತಂತಿ ಬಿಡದಂತೆ ಅಂಟಿಕೊಂಡಿತ್ತು. ಆದುದರಿಂದ ಕ್ರಮ ತಪ್ಪಿದೊಡನೆ ಇಡೀ ವಸ್ತು ನಿರುಪಯೋಗವಾಯಿತು. ನಡುವೆ ಬಿಡಿಸಬಹುದಾದ ಜೋಡಣೆಯುಳ್ಳವು ಬೇರೆ ಇವೆ, ಅವುಗಳಿಗೆ ಕ್ಯೂ.ಡಿ. ಹೆಡ್‌ಸೆಟ್ ಎನ್ನುತ್ತಾರೆ. ತಲೆಗೆ ಹಾಕುವ ಭಾಗ ಹಾಗೆಯೇ ಇದ್ದು, ಫೋನು ಬದಲಾದಾಗ ಕೆಳಗಿನ ತಂತಿಯನ್ನಷ್ಟೆ ಬದಲಿಸಿದರಾಯಿತು. ಆದರೆ ಪ್ಲಾಂಟ್ರಾನಿಕ್ಸ್ ಎಂಬ ತಯಾರಕರ ಜೋಡಣೆಗೂ ಜಾಬ್ರಾ ಎಂಬ ತಯಾರಕರ ಜೋಡಣೆಗೂ ಪರಸ್ಪರ ಹೊಂದಿಕೆಯಿಲ್ಲ. ಒಂದು ಪಂಥವನ್ನು ಹಿಡಿದರೆ ಎಲ್ಲ ಶಾಖೆಗಳಲ್ಲಿಯೂ ಅದನ್ನೇ ಹಿಡಿಯಬೇಕು. ಹಿರಿಯೂರಿಗೆ ಹೆಡ್‌ಸೆಟ್ಟಿಗೆ 2,600, ಆ ಮಾದರಿಯ ಫೋನಿಗೆಂದೇ ಮಾಡಿದ ತಂತಿಗೆ 550 ರೂಪಾಯಿ ಕೊಟ್ಟೆ.

ಹೊಸದುರ್ಗದಲ್ಲಿ ಕೊಬ್ಬರಿಯ ಚೀಲಗಳ ನಡುವೆ ಓಡಾಡುತ್ತಲೇ ಮಾತಾಡಬೇಕು. ಹಾಗಾಗಿ ಮೇಜಿನ ಫೋನಿಗೆ ತಂತಿರಹಿತ ಹೆಡ್‌ಸೆಟ್ ಕೊಳ್ಳಿರೆಂದು ಒಬ್ಬರು ಸಲಹೆಯಿತ್ತರು; ಬೆಲೆ ಹದಿನೈದು ಸಾವಿರದ ಮೇಲೆ. ದೂರದಿಂದಲೇ ಕರೆಯನ್ನು ಎತ್ತಬೇಕಾದರೆ ಆ ಫೋನಿನ ಮಾದರಿಗೆ ತಕ್ಕ ಮತ್ತೊಂದು ತಂತಿಯೋ, ರಿಸೀವರನ್ನು ಮೇಲೆತ್ತುವ ಪುಟ್ಟ ಯಂತ್ರವೋ ಬೇರೆ ಬೇಕು. ಆದರೆ ಅಲ್ಲಿದ್ದ ಕಾರ್ಡ್‌ಲೆಸ್ ಫೋನು ತಾನೇ ತಂತಿರಹಿತವಲ್ಲವೇ! 2.5 ಮಿಲಿಮೀಟರಿನ ಪಿನ್ನಿರುವ, ಒಂದೇ ಕಿವಿಯ ಸಾಧಾರಣ ಹೆಡ್‌ಸೆಟ್ಟನ್ನು 700 ರೂಪಾಯಿಗೆ ಕೊಂಡು, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಕೆಲಸ ಪೂರೈಸಿತು. ಮೊಬೈಲಿನ 3.5 ಮಿಲಿಮೀಟರಿನ ಇಯರ್‌ಫೋನಿಗೆ ಅಡಾಪ್ಟರು ಹಾಕಿ ನೋಡಿದಾಗ ಮೈಕು ನಡೆಯಲಿಲ್ಲವಾದ್ದರಿಂದ ಆ ದಾರಿಯನ್ನು ಯಾರಿಗೂ ಹೇಳಲಾರೆ.

ಹೊಳಲ್ಕೆರೆಯಲ್ಲಿ ಫೋನಿಗೆ ಹೆಡ್‌ಸೆಟ್ ಹೊಂದಿಸುವ ಆಸೆಯನ್ನೇ ಬಿಟ್ಟು, ಗುಂಡಿಗಳ ಪುಟ್ಟ ಪೆಟ್ಟಿಗೆಯೊಂದಿಗೆ ಹೆಡ್‌ಸೆಟ್ ಕೂಡಿಯೇ ಬರುವ, ಲೈನಿಗೆ ನೇರವಾಗಿ ಸೇರುವ ಫೋನನ್ನು 1,900 ರೂಪಾಯಿಗೆ ತಂದೆ. ಹಳೆಯದಕ್ಕೆ ಸಲಕರಣೆ ಹುಡುಕುವುದಕ್ಕಿಂತ ಹಳೆಯದನ್ನೇ ಬದಲಿಸುವುದು ಅಗ್ಗವಾಗುವ ಸಂದರ್ಭವೂ ಇರುತ್ತದೆ. ಗುಮಾಸ್ತರಿಗೆ ಒಂದೇ ಕಿವಿಯದನ್ನು ಆರಿಸಿದೆ. ಎದುರಿಗೆ ಬಂದು ನಿಂತ ರೈತನ ಮಾತು ಮತ್ತೊಂದು ಕಿವಿಗೆ ಬೀಳಬೇಕಷ್ಟೆ.

ಎರಡನೆಯ ಸಲದ ಒಟ್ಟು 5,750 ರೂಪಾಯಿ, ತೆರಿಗೆ 1,035. ಒಣ ಅಡಿಕೆಯ ಮಾರಾಟಕ್ಕೆ ನಾವು ಶೇಕಡ 5ರ ಜಿ.ಎಸ್.ಟಿ. ಕಟ್ಟುವವರಾದ್ದರಿಂದ, ಇಂಥ ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಅದರಲ್ಲಿ ವಜಾ ಹಾಕಿಕೊಳ್ಳಬಹುದು. ಅದಕ್ಕಾಗಿ ಬಿಲ್ಲಿನಲ್ಲಿ ನಮ್ಮ ಜಿ.ಎಸ್.ಟಿ. ಸಂಖ್ಯೆ ಇರಲೇಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳಿಗೆ ಈ ಸೌಲಭ್ಯವಿಲ್ಲ, ಅವರಿಗೆ ತೆರಿಗೆಯೂ ಬೆಲೆಯ ಭಾಗವೇ. ಮೊದಲು ಕೊಂಡು ಹೊಂದದೆ ಉಳಿದ ಮೂರರಲ್ಲಿ ಒಂದನ್ನು ಚಿತ್ರದುರ್ಗದ ಹೆಡ್‌ಸೆಟ್ಟಿಗೆ ಬದಲಿಯಾಗಿ ಇಟ್ಟುಕೊಂಡೆವು. ಉಳಿದೆರಡನ್ನು ಯಾರಿಗಾದರೂ ದಾನವಾಗಿ ಕೊಡೋಣವೆಂದರೆ, ಹಾಗೆ ಕೊಟ್ಟ ವಸ್ತುವಿನ ಮೇಲೆ ವಜಾ ಹಾಕಿಕೊಂಡ ತೆರಿಗೆಯನ್ನು ಸರ್ಕಾರಕ್ಕೆ ಮರಳಿ ಕಟ್ಟಬೇಕು. ಪುಸ್ತಕದಿಂದ ತೆಗೆದುಹಾಕಿದರೂ ನಿಯಮ ಅದೇ. ಸಣ್ಣ ಮೊತ್ತವೇ ಆದರೂ ಕಟ್ಟಿಯೇ ಕೊಡಬೇಕೆಂದಿದ್ದೇನೆ.

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಕಛೇರಿಗೆ ಹೆಡ್‌ಸೆಟ್ ಕೊಳ್ಳಲು ಹೊರಟಾಗ ಫೋನನ್ನು ಮಗುಚಿ, ತಳದಲ್ಲಿ ಅಂಟಿಸಿರುವ ಚೀಟಿಯ ಚಿತ್ರವನ್ನೂ ಬೆನ್ನಿನ ರಂಧ್ರಗಳ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದು ಅಂಗಡಿಯವರಿಗೆ ಮೊದಲೇ ಕಳುಹಿಸಿರಿ. ಎಷ್ಟು ಮೇಜುಗಳಿದ್ದರೂ ಮೊದಲು ಒಂದನ್ನೇ ತರಿಸಿ ಕರೆ ಮಾಡಿ ನೋಡಿರಿ. ಆ ಮಾದರಿಯ ಫೋನಿಗೆ ಹೊಂದದಿದ್ದರೆ ಹಿಂದಕ್ಕೆ ಪಡೆಯುತ್ತೇವೆಂಬ ಒಂದು ಸಾಲನ್ನು, ಹಣ ಕೊಡುವ ಮುನ್ನ, ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿರಿ.