ಟಪ್ಪಾಲಿನ ಚೀಲದಲ್ಲಾದ ಬದಲಾವಣೆ

ನಮ್ಮ ಶಾಲೆಯ ಬೋರ್ಡಿಂಗಿನಲ್ಲಿದ್ದು ಓದಿದ ಹಳೆಯ ವಿದ್ಯಾರ್ಥಿನಿಯರಿಗೆ ಟಪ್ಪಾಲಿನವನು ಬರುತ್ತಿದ್ದ ಹೊತ್ತಿನ ನೆನಪು ಇದ್ದೇ ಇರುವದು. ಅವನ ಚೀಲದಿಂದ ನಮ್ಮ ಹೆಸರಿನ ಒಂದು ಕಾರ್ಡು ಹೊರಬಿದ್ದರೆ ಆ ದಿನದ ಲೆಕ್ಕದ ಪಾಠವೂ ಸುಲಭವಾಗಿ ತೋರುತ್ತಿತ್ತು. ಇಂದು ಅದೇ ಚೀಲವನ್ನು ಬಿಚ್ಚಿದರೆ ಕಾಗದಗಳು ಕಡಿಮೆ, ಕಟ್ಟುಗಳು ಹೆಚ್ಚು. ಚಪ್ಪಲಿ, ಸೀರೆ, ಔಷಧ, ಮಕ್ಕಳ ಪುಸ್ತಕ ಇವೆಲ್ಲವನ್ನೂ ಜನರು ಮನೆಯಲ್ಲಿ ಕುಳಿತು ಮೊಬೈಲಿನಿಂದಲೇ ಕೊಳ್ಳುತ್ತಾರೆ. ಈ ಬದಲಾವಣೆ ಹೇಗಾಯಿತು, ಇದರಿಂದ ನಮಗಾಗುವ ಲಾಭನಷ್ಟಗಳೇನು ಎಂಬದನ್ನು ತುಸು ವಿಚಾರಿಸೋಣ.

ಮೊದಲು ಟಪ್ಪಾಲಿನ ಮೂಲತತ್ತ್ವವನ್ನು ತಿಳಿಯತಕ್ಕದ್ದು. 1854ನೆಯ ಇಸವಿಗೆ ಮುಂಚೆ ನಮ್ಮ ದೇಶದಲ್ಲಿ ಕಾಗದದ ಕೂಲಿಯು ದೂರಕ್ಕೆ ತಕ್ಕಂತೆ ಏರುತ್ತಿತ್ತು. ಆ ವರುಷದ ಅಕ್ಟೋಬರ್ ತಿಂಗಳಿಂದ, ಕಾಲು ತೊಲೆ ತೂಕದ ಕಾಗದವು ನೆರೆಯೂರಿಗೆ ಹೋಗಲಿ, ಸಾವಿರ ಮೈಲಿ ಹೋಗಲಿ, ಅರ್ಧ ಆಣೆಯೇ ಸಾಕೆಂದು ಗೊತ್ತುಮಾಡಲಾಯಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂತು. ಮೈಸೂರು ಸೀಮೆಯ ಹಳೆಯ ಅಂಚೆಯೂ 1889ರಲ್ಲಿ ಈ ಏರ್ಪಾಡಿನೊಳಗೆ ಸೇರಿತು. ಹೀಗೆ ದೂರದ ಹಳ್ಳಿಯ ವೆಚ್ಚವನ್ನು ಪಟ್ಟಣದವರು ತಮಗರಿಯದೆಯೇ ಹಂಚಿಕೊಂಡರು. ಟಪ್ಪಾಲಿನ ನ್ಯಾಯವೆಂದರೆ ಇದೇ.

ವ್ಯಾಪಾರವಾದರೂ ಟಪ್ಪಾಲಿಗೆ ಹೊಸದಲ್ಲ. ಸರಕನ್ನು ಮನೆಗೆ ಮುಟ್ಟಿಸಿ, ಹಣ ವಸೂಲುಮಾಡಿ, ಅದನ್ನು ವರ್ತಕನಿಗೆ ಕಳುಹಿಸುವ ವಿ.ಪಿ. ಪದ್ಧತಿಯು 1877ರಲ್ಲಿಯೇ ಆರಂಭವಾಯಿತು. ಎಷ್ಟೋ ಕನ್ನಡ ಪುಸ್ತಕಗಳು ಹೀಗೆ ನಮ್ಮ ಮನೆಗಳನ್ನು ಸೇರಿದವು. ಸರಕು ಕೈಗೆ ಬಂದ ಮೇಲೆ ಹಣ ಕೊಡುವ ಇಂದಿನ ಕ್ರಮವು ಈ ವಿ.ಪಿ.ಯ ಮೊಮ್ಮಗಳೇ ಸರಿ. ಭೇದವು ವೇಗದಲ್ಲಿದೆ. ಅಂದು ಬೆಲೆಪಟ್ಟಿ ತರಿಸಿ, ಕಾರ್ಡು ಬರೆದು, ವಾರಗಟ್ಟಲೆ ಕಾಯಬೇಕಾಗಿತ್ತು. ಇಂದು ಕಟ್ಟಿನ ಮೇಲೆ ಅಂಟಿಸಿದ ಬಾರ್‌ಕೋಡಿನ ಗೆರೆಗಳನ್ನು ಹಾದಿಯ ಪ್ರತಿಯೊಂದು ಠಾಣೆಯಲ್ಲಿಯೂ ಯಂತ್ರವು ಓದುವದರಿಂದ, ಸರಕು ಎಲ್ಲಿದೆಯೆಂದು ಕಳುಹಿಸಿದವರೂ ಕಾಯುವವರೂ ಕೂಡಲೆ ತಿಳಿಯಬಹುದು.

ಆದರೆ ಅದೇ ಯಂತ್ರವಿದ್ಯೆಯು ಕಾಗದದ ಕೆಲಸವನ್ನು ಕಿತ್ತುಕೊಂಡಿತು. 2013ರ ಜುಲೈ ತಿಂಗಳಲ್ಲಿ ತಂತಿ ವರ್ತಮಾನವು ಮುಗಿಯಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು, 1986ರಲ್ಲಿ ಹುಟ್ಟಿದ ಸ್ಪೀಡ್ ಪೋಸ್ಟಿನೊಳಗೆ ಲೀನವಾಯಿತು. ಡೆನ್ಮಾರ್ಕ್ ದೇಶದ ಸಂಗತಿಯು ಇನ್ನೂ ಗಮನಾರ್ಹವಾದದ್ದು. ಅಲ್ಲಿ 1624ರಿಂದ ನಡೆದುಬಂದ ಸರಕಾರಿ ಟಪ್ಪಾಲು, 2025ರ ಕೊನೆಗೆ ಕಾಗದಗಳ ಬಟವಾಡೆಯನ್ನೇ ನಿಲ್ಲಿಸಿ ಪಾರ್ಸೆಲುಗಳನ್ನು ಮಾತ್ರ ಉಳಿಸಿಕೊಂಡಿತು. 2000ದ ಸುಮಾರಿಗೆ ವರುಷಕ್ಕೆ 140 ಕೋಟಿಯಷ್ಟಿದ್ದ ಕಾಗದಗಳು 2024ರಲ್ಲಿ 11 ಕೋಟಿಗೆ ಇಳಿದದ್ದೇ ಇದಕ್ಕೆ ಕಾರಣವು.

ಕಾಗದದ ಜಾಗವನ್ನು ಪಾರ್ಸೆಲು ತುಂಬಿದರೆ ಚಿಂತೆಯೇನೆಂದು ಕೆಲವರು ಕೇಳಬಹುದು. ನೂರು ಕಾಗದಗಳು ಒಂದು ಸೈಕಲಿನ ಚೀಲದಲ್ಲಿ ಅಡಗುವವು. ನೂರು ಪಾರ್ಸೆಲುಗಳಿಗೆ ವಾಹನವೇ ಬೇಕು. ಬಾಗಿಲಿಗೆ ಬೀಗವಿದ್ದರೆ ಕಾಗದವನ್ನು ಸಂದಿಯಿಂದ ಒಳಗೆ ಹಾಕಬಹುದು. ಪಾರ್ಸೆಲನ್ನು ಹಾಗೆ ಮಾಡಲಾಗದು. ಮುಖ್ಯವಾಗಿ, ಸಾಧಾರಣ ಕಾಗದಕ್ಕೆ ಇಂದಿಗೂ ದೇಶಕ್ಕೆಲ್ಲ ಒಂದೇ ದರವಿದ್ದರೆ, ಸ್ಪೀಡ್ ಪೋಸ್ಟಿನ ದರವು ತೂಕವನ್ನೂ ದೂರವನ್ನೂ ನೋಡಿ ಏರುವದು. ಕಾಗದವನ್ನು ಸಾಗಿಸುವ ವಿಶೇಷಾಧಿಕಾರವನ್ನು ಸರಕಾರಕ್ಕೆ ಕೊಟ್ಟಿದ್ದ 1898ರ ಕಾಯಿದೆಯೂ ಹೋಗಿ, ಆ ಅಧಿಕಾರವಿಲ್ಲದ 2023ರ ಕಾಯಿದೆಯು 2024ರ ಜೂನಿನಿಂದ ನಡೆಯುತ್ತಿದೆ. ಲಾಭಕ್ಕಾಗಿ ನಡೆಯುವ ಸಂಸ್ಥೆಯು ಗಿರಾಕಿಗಳು ಹೆಚ್ಚಿರುವ ಬೀದಿಯನ್ನು ಮೊದಲು ಹುಡುಕುವದು ಸಹಜವೇ. ಹಾಗಾದರೆ ಘಟ್ಟದ ಕೆಳಗಿನ ಒಂಟಿ ಮನೆಗೆ ಹೋಗುವವರು ಯಾರು? ವಿಚಾರಿಸಬೇಕಾದ ಪ್ರಶ್ನೆ ಇದೇ.

ನಿರಾಶರಾಗಲು ಕಾರಣವಿಲ್ಲ. ನಮ್ಮ ದೇಶದಲ್ಲಿ 1,64,000ಕ್ಕೂ ಮೇಲ್ಪಟ್ಟು ಟಪ್ಪಾಲು ಕಚೇರಿಗಳಿವೆ. ಹತ್ತರಲ್ಲಿ ಒಂಬತ್ತರಷ್ಟು ಹಳ್ಳಿಗಳಲ್ಲಿಯೇ ಇರುವವು. 2018ರಲ್ಲಿ ದೇಶದಾದ್ಯಂತ ತೆರೆದ ಅಂಚೆ ಪೇಮೆಂಟ್ಸ್ ಬ್ಯಾಂಕಿನಿಂದಾಗಿ, ಟಪ್ಪಾಲಿನವನು ವೃದ್ಧೆಯ ಜಗಲಿಯಲ್ಲಿಯೇ ಕುಳಿತು, ಆಕೆಯ ಬೆರಳಚ್ಚನ್ನು ಪಡೆದು, ಹಣವನ್ನು ಕೈಗೆ ಕೊಡಬಲ್ಲನು. ಡಾಕ್ ನಿರ್ಯಾತ್ ಕೇಂದ್ರಗಳ ಮೂಲಕ ಮನೆಯಲ್ಲಿ ನೇದ ಬಟ್ಟೆಯನ್ನು ಪರದೇಶದ ಗಿರಾಕಿಗೆ ಕಳುಹಿಸಬಹುದು. ಪಾಠಪುಸ್ತಕಗಳನ್ನು ಕಡಿಮೆ ದರದಲ್ಲಿ ಒಯ್ಯುವ ಜ್ಞಾನ ಪೋಸ್ಟು 2025ರ ಮೇ ತಿಂಗಳಲ್ಲಿ ಆರಂಭವಾಯಿತು. ಇಲ್ಲೆಲ್ಲಾ ಯಂತ್ರವು ಹಳೆಯ ನ್ಯಾಯಕ್ಕೆ ಹೊಸ ಕಾಲುಗಳನ್ನು ಕೊಟ್ಟಿದೆ. ಆದುದರಿಂದ ಟಪ್ಪಾಲು ಎಷ್ಟು ಬೇಗ ಬರುವದೆಂದು ಮಾತ್ರ ನೋಡದೆ, ಕಟ್ಟಕಡೆಯ ಮನೆಗೂ ಬರುವದೋ ಎಂದು ನೋಡಿ ಅದರ ಯೋಗ್ಯತೆಯನ್ನು ಅಳೆಯಬೇಕು. ಊರಿನ ಕಚೇರಿಯನ್ನು ನಾವು ಬಳಸದೆ ಬಿಟ್ಟು, ಅದು ಮುಚ್ಚಿದ ಮೇಲೆ ದೂರುವದು ನ್ಯಾಯವಲ್ಲ.

ಕೊನೆಗೊಂದು ಮಾತು. ಮೊಬೈಲಿನ ಸಂದೇಶವು ಕ್ಷಣದಲ್ಲಿ ಮುಟ್ಟುವದು ನಿಜ. ಆದರೆ ತಾಯಿಯ ಓರೆಕೋರೆ ಅಕ್ಷರದ ಕಾರ್ಡನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಂಡಂತೆ ಅದನ್ನು ಇಟ್ಟುಕೊಳ್ಳಲಾಗದು. ಈ ಸಂಚಿಕೆಯನ್ನು ಓದಿ ಮಡಿಸುವ ಮೊದಲು, ಬಹು ಕಾಲದಿಂದ ಕಾಣದ ಒಬ್ಬ ಸಹಪಾಠಿನಿಯ ವಿಳಾಸವನ್ನು ಹುಡುಕಿ ಒಂದು ಕಾಗದ ಬರೆಯಿರೆಂದು ಬೇಡಿಕೊಳ್ಳುತ್ತೇವೆ. ಕಡೆಯ ಸಾಲಿನಲ್ಲಿ ನಮ್ಮ ಹಿರಿಯರು ಬರೆಯುತ್ತಿದ್ದ ಮಾತನ್ನು ಮರೆಯದಿರಿ: ಕಾಗದ ಮುಟ್ಟಿದ ಕೂಡಲೆ ಉತ್ತರ ಬರೆಯುವದು.