ಕುಂಡದ ಮಣ್ಣಿನ ಗುಂಗುರು

ತಾಳಗುಂದದ ಕಡೆ ಮಳೆ ಹಿಡಿಯಿತೆಂದರೆ ಬಿಸಿಲು ಅಪರೂಪ. ಅಂಗಳದಲ್ಲಿದ್ದ ತುಳಸಿ, ದೊಡ್ಡಪತ್ರೆ, ಗುಲಾಬಿ ಕುಂಡಗಳು ಜಗಲಿಗೆ ಬರುತ್ತವೆ. ಕೆಲವು ಒಳಗೆ ಕಿಟಕಿ ಪಕ್ಕಕ್ಕೂ ಬರುತ್ತವೆ. ಸ್ವಲ್ಪ ದಿನ ಕಳೆದ ಮೇಲೆ ನೋಡಿ. ಕುಂಡ ಮುಟ್ಟಿದರೆ ಸಾಕು, ಸಣ್ಣ ಕರಿ ಹುಳಗಳು ಬುರ್ರೆಂದು ಏಳುತ್ತವೆ. ದೀಪ ಹಚ್ಚಿದರೆ ಅಲ್ಲಿಗೂ ಹಾಜರು.

"ಸೊಳ್ಳೆ ಕಣೇ, ಮಕ್ಕಳಿಗೆ ಜ್ವರ ಬರ್ತದೆ" ಅನ್ನುತ್ತಾರೆ ಒಬ್ಬರು. "ಅಲ್ಲ, ಬಾಳೆಹಣ್ಣಿನ ನೊಣ" ಅನ್ನುತ್ತಾರೆ ಇನ್ನೊಬ್ಬರು. ಎರಡೂ ಅಲ್ಲ. ಇದು ಬೂಷ್ಟು ತಿನ್ನುವ ಗುಂಗುರು. ನೋಡಲು ಸೊಳ್ಳೆ ಮರಿಯಂತೆ ಇದೆ. ಆದರೆ ಕಚ್ಚುವುದಿಲ್ಲ. ರಕ್ತ ಹೀರುವುದಿಲ್ಲ. ಹಣ್ಣಿನ ನೊಣ ಹಣ್ಣಿನ ಮೇಲೆ ಕೂರುತ್ತದೆ, ಇದು ಹಸಿ ಮಣ್ಣಿನ ಮೇಲೆ ಓಡಾಡುತ್ತದೆ.

ಹಾರುವ ಹುಳದಿಂದ ಗಿಡಕ್ಕೆ ಹೆಚ್ಚು ತೊಂದರೆ ಇಲ್ಲ. ತೊಂದರೆ ಕೊಡುವುದು ಅದರ ಮರಿ. ತಾಯಿ ಹುಳ ಒದ್ದೆ ಮಣ್ಣಿನಲ್ಲಿ 100ರಿಂದ 200 ಮೊಟ್ಟೆ ಇಡುತ್ತದೆ. ನಾಲ್ಕಾರು ದಿನಕ್ಕೆ ಮರಿ ಹೊರಗೆ ಬರುತ್ತದೆ. ಮೈ ಬಿಳಿ, ತಲೆ ಮಾತ್ರ ಕರಿ. ಕಾಲಿಲ್ಲ. ಅಕ್ಕಿ ಕಾಳಿಗಿಂತಲೂ ಸಣ್ಣದು. ಮಣ್ಣಿನ ಬೂಷ್ಟು, ಕೊಳೆತ ಎಲೆ ಅದರ ಊಟ. ಅದು ಸಾಲದೆ ಹೋದರೆ ಎಳೆ ಬೇರು ಕಡಿಯುತ್ತದೆ. ದೊಡ್ಡ ಗಿಡ ತಡೆದುಕೊಳ್ಳುತ್ತದೆ. ಸಸಿ ಬಾಡುತ್ತದೆ. ಬಾಡಿದೆ ಅಂತ ನಾವು ಇನ್ನೊಂದು ಚೊಂಬು ನೀರು ಹಾಕುತ್ತೇವೆ. ಹುಳಕ್ಕೆ ಬೇಕಾದ್ದೂ ಅದೇ!

ಮರಿ ಇದೆಯೋ ಇಲ್ಲವೋ ತಿಳಿಯುವುದು ಸುಲಭ. ಆಲೂಗೆಡ್ಡೆಯ ಒಂದು ಹೋಳು ಕೊಯ್ಯಿರಿ. ಕುಂಡದ ಮಣ್ಣಿನ ಮೇಲೆ ಒತ್ತಿ ಇಡಿ. ಎರಡು ಮೂರು ದಿನ ಬಿಟ್ಟು ಎತ್ತಿ ನೋಡಿ. ಮರಿಗಳಿದ್ದರೆ ಅಡಿಗೆ ಅಂಟಿಕೊಂಡು ತಿನ್ನುತ್ತಿರುತ್ತವೆ. ಆ ಹೋಳನ್ನು ಒಲೆಗೆ ಹಾಕಿ.

ಮಣ್ಣಿನಲ್ಲಿ ಕಂಡ ಹುಳವೆಲ್ಲ ಶತ್ರು ಅಲ್ಲ. ನೀರು ಹಾಕಿದ ಕೂಡಲೆ ಚಟಚಟ ನೆಗೆಯುವ ಬಿಳಿ ಚುಕ್ಕೆಯಂಥ ಹುಳ ಉಂಟಲ್ಲ, ಅದು ಕೊಳೆತದ್ದನ್ನು ತಿಂದು ಗೊಬ್ಬರ ಮಾಡುತ್ತದೆ. ಅದನ್ನು ಬಿಟ್ಟುಬಿಡಿ. ಆದರೆ ಬೇರಿಗೆ ಬಿಳಿ ಹತ್ತಿಯಂತೆ ಏನೋ ಮೆತ್ತಿಕೊಂಡು, ಕುಂಡದ ತುಂಬ ಇರುವೆ ಓಡಾಡುತ್ತಿದ್ದರೆ ಅದು ಹಿಟ್ಟು ತಿಗಣೆ ಇರಬಹುದು. ಆಗ ಗಿಡ ಕಿತ್ತು ಬೇರು ತೊಳೆಯಿರಿ. ಬೇರೆ ಮಣ್ಣಿಗೆ ನೆಡಿ.

ಗುಂಗುರಿಗೆ ಮೊದಲ ಮದ್ದು ನೀರು ಕಡಿಮೆ ಮಾಡುವುದು. ನಮ್ಮೂರ ಪ್ರಣವೇಶ್ವರ ದೇವಸ್ಥಾನದ ಮುಂದೆ ಕಲ್ಲಿನ ಕಂಬ ಇದೆಯಲ್ಲ? ಕದಂಬರ ಕಾಕುತ್ಸ್ಥವರ್ಮ ಕೆರೆ ಕಟ್ಟಿಸಿದ ಸಂಗತಿ ಅದರಲ್ಲಿ ಕೆತ್ತಿದೆ. ಸುಮಾರು 1500 ವರ್ಷದ ಹಿಂದಿನ ಬರಹ. ಕೆರೆಯಲ್ಲಿ ನೀರು ನಿಂತರೆ ಚೆಂದ. ಕುಂಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ನೋಡಿ. ಒಣಗಿದ್ದರೆ ಮಾತ್ರ ನೀರು ಕೊಡಿ. ಕುಂಡದ ಅಡಿಯಲ್ಲಿ ತೂತು ಇರಲೇಬೇಕು. ಹಳೆ ಬಕೆಟ್ಟು, ಎಣ್ಣೆ ಡಬ್ಬ ಆದರೂ ಮೊಳೆ ಕಾಯಿಸಿ ತೂತು ಮಾಡಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಮೇಲೆ ಬಿದ್ದ ಎಲೆ, ಚಹಾ ಚರಟ ತೆಗೆಯಿರಿ.

ಹಾರುವ ಹುಳ ಹಿಡಿಯಲು ಹಳದಿ ರಟ್ಟು ಸಾಕು. ಅದಕ್ಕೆ ಹರಳೆಣ್ಣೆ ಸವರಿ ಕುಂಡದಲ್ಲಿ ಕಡ್ಡಿಗೆ ಸಿಕ್ಕಿಸಿ. ಹಳದಿ ಬಣ್ಣಕ್ಕೆ ಬಂದು ಅಂಟಿಕೊಳ್ಳುತ್ತವೆ.

ಇಷ್ಟಕ್ಕೂ ಬಗ್ಗದಿದ್ದರೆ ಬೇವಿನ ಬೀಜದ ಕಷಾಯ ಮಾಡಿ. 50 ಗ್ರಾಂ ಬೀಜದ ತಿರುಳು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಮಣ್ಣಿಗೆ ಹಾಕಿ. ಒಂದು ವಾರ ಆ ಗಿಡದ ಎಲೆ ಕೀಳಬೇಡಿ.

ಈಗ ಬಹಳ ಮುಖ್ಯವಾದ ಮಾತು. "ಹೊಲಕ್ಕೆ ತಂದ ಔಷಧಿ ಮೂಲೆಯಲ್ಲಿ ಉಳಿದದೆ, ಒಂದು ಚಿಟಿಕೆ ಹಾಕಿದ್ರೆ ಆಯ್ತಲ್ಲ?" ಅಂತ ಯಾರಾದರೂ ಹೇಳಿಯಾರು. ಬೇಡ ಅಕ್ಕ, ಖಂಡಿತ ಬೇಡ. ಅದು ಔಷಧಿ ಅಲ್ಲ, ವಿಷ. ಫೋರೇಟ್ ಎಂಬ ಹರಳು ವಿಷವನ್ನು ಹಿಂದೆ ಹೊಲಕ್ಕೆ ಹಾಕುತ್ತಿದ್ದರು. 2020ರ ಡಿಸೆಂಬರ್ 31ರಿಂದ ಸರ್ಕಾರ ಅದನ್ನು ನಿಷೇಧಿಸಿದೆ. ಅಂಥ ವಿಷ ಬೇರಿನಿಂದ ಎಲೆಗೆ ಏರುತ್ತದೆ. ತೊಳೆದರೆ ಹೋಗುವುದಿಲ್ಲ. ಮಗುವಿಗೆ ಕೆಮ್ಮು ಬಂದರೆ ನಾವು ಕೀಳುವುದು ಅದೇ ದೊಡ್ಡಪತ್ರೆ, ಅದೇ ತುಳಸಿ. ಅಂಬೆಗಾಲಿಡುವ ಕೂಸು ಕೈ ಹಾಕುವುದೂ ಅದೇ ಮಣ್ಣಿಗೆ. ಪೊಟ್ಟಣದ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಇದ್ದರೆ ಅತಿ ಘೋರ ವಿಷ. ಈಗ ನಿಮಗೆ ಓದಲು ಬರುತ್ತದೆ. ಹೆಸರು, ಎಚ್ಚರಿಕೆ ಎರಡನ್ನೂ ಓದಿ. ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿ ಇಡಿ.

ಹುಳ ಒಂದೇ ದಿನಕ್ಕೆ ಹೋಗುವುದಿಲ್ಲ. ಮೊಟ್ಟೆಯಿಂದ ಹಾರುವ ಹುಳ ಆಗಲು ಮೂರು ನಾಲ್ಕು ವಾರ ಬೇಕು. ಅಷ್ಟು ದಿನ ಬಿಡದೆ ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರ ಬರೆಯಿರಿ: ರಟ್ಟಿಗೆ ಎಷ್ಟು ಹುಳ ಅಂಟಿವೆ? ಮೊದಲ ವಾರ 30, ಆಮೇಲೆ 18, ಆಮೇಲೆ 5 ಹೀಗೆ ಇಳಿಯುತ್ತಾ ಬಂದರೆ ಸರಿ. ಇಳಿಯದಿದ್ದರೆ ಆಲೂಗೆಡ್ಡೆ ಹೋಳು ಇನ್ನೊಮ್ಮೆ ಇಟ್ಟು ನೋಡಿ.